ಮೂವತ್ತಾರು ಚೌಕಟ್ಟಿನಲ್ಲಿ ಪ್ಯಾರಿಸ್

ಪ್ಯಾರಿಸ್ ನಗರದ ಬಾಸ್ಟಿಲ್ ಚೌಕದ ಹೆಸರು ಶಾಲೆಯ ಚರಿತ್ರೆ ಪುಸ್ತಕ ಓದಿದವರಿಗೆಲ್ಲ ಗೊತ್ತು. 1789ರ ಜುಲೈ 14ರಂದು ಜನ ಮುತ್ತಿಗೆ ಹಾಕಿದ ಸೆರೆಮನೆ ಇದ್ದದ್ದು ಅಲ್ಲಿ. ಇಂದು ಆ ಸೆರೆಮನೆಯಿಲ್ಲ. ಚೌಕದಿಂದ ಉತ್ತರಕ್ಕೆ ಅಗಲವಾದ ಸಾಲುಮರದ ರಸ್ತೆಯೊಂದು ಹೊರಡುತ್ತದೆ. ದಾರಿಯಲ್ಲಿ ಮೂರು ಹೆಸರುಗಳನ್ನು ಹೊತ್ತು, ಒಂದೂವರೆ ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಅದು ರಿಪಬ್ಲಿಕ್ ಚೌಕವನ್ನು ಸೇರಿಬಿಡುತ್ತದೆ. ಮೊದಲ ಭಾಗಕ್ಕೆ ಬೋಮಾರ್ಶೆ ಬುಲೆವಾರ್ಡ್ ಎಂದು ಹೆಸರು. ಅಲ್ಲಿ ಹಳೆಯ ಕ್ಯಾಮೆರಾಗಳನ್ನು ಮಾರುವ ಅಂಗಡಿಗಳು ಒಂದರ ಪಕ್ಕ ಒಂದು ಇವೆ. ಕೊನೆಯ ಭಾಗದ ಹೆಸರು ಟಾಂಪ್ಲ್ ಬುಲೆವಾರ್ಡ್. ಛಾಯಾಚಿತ್ರದಲ್ಲಿ ಮನುಷ್ಯ ಮೊದಲು ಕಾಣಿಸಿಕೊಂಡದ್ದು ಆ ಬೀದಿಯಲ್ಲೇ.

ಸಾಗರದ ಹುಡುಗಿಯೊಬ್ಬಳು ತನ್ನ ಮೊದಲ ಭಾನುವಾರಗಳನ್ನು ಕಳೆದದ್ದು ಈ ಇಪ್ಪತ್ತು ನಿಮಿಷದ ಹಾದಿಯಲ್ಲಿ. ಅವಳು ಎರಡು ವರ್ಷದ ಎಂ.ಎಸ್ಸಿ. ಓದಲು ಹೋದವಳು. ಅಪ್ಪನದು ಸಾಗರದಲ್ಲಿ ಫೋಟೋ ಸ್ಟುಡಿಯೋ. ಮೂವತ್ತು ವರ್ಷ ಪಾಸ್‌ಪೋರ್ಟ್ ಫೋಟೋ, ಮದುವೆ, ನಾಮಕರಣ, ಹೈಸ್ಕೂಲಿನ ಗ್ರೂಪ್ ಫೋಟೋ ಎಂದು ತೆಗೆದ ಕೈ ಅವರದು. ಡಿಜಿಟಲ್ ಬಂದ ಮೇಲೆ ಅವರ ಡಾರ್ಕ್‌ರೂಮು ಪ್ಲಾಸ್ಟಿಕ್ ಕುರ್ಚಿ ಇಡುವ ಕೋಣೆಯಾಯಿತು. ಮಗಳು ಹೊರಡುವ ಹಿಂದಿನ ದಿನ ಅವರು ಬೀರುವಿನಿಂದ ಒಂದು ಪೆಂಟಾಕ್ಸ್ ಕೆ 1000 ಕ್ಯಾಮೆರಾ ತೆಗೆದು ಅವಳ ಕೈಗಿಟ್ಟರು.

“ಓದೋದಕ್ಕೆ ಹೋಗ್ತಿದಾಳೋ, ಫೋಟೋ ಹಿಡಿಯೋದಕ್ಕೋ?” ಎಂದು ಅಮ್ಮ ಸಿಡುಕಿದರು.

“ಭಾನುವಾರ ಹಿಡೀಲಿ ಬಿಡೇ. ನಾನು ಒಂದು ದಿನಾನೂ ನನಗೆ ಅಂತ ಹಿಡೀಲಿಲ್ಲ,” ಎಂದರು ಅಪ್ಪ.

1976ರಿಂದ 1997ರವರೆಗೆ ತಯಾರಾದ ಈ ಕ್ಯಾಮೆರಾ ಜಗತ್ತಿನಾದ್ಯಂತ ವಿದ್ಯಾರ್ಥಿಗಳ ಕ್ಯಾಮೆರಾ ಎಂದೇ ಹೆಸರಾದದ್ದು. ಅದು ಪೂರ್ತಿ ಯಾಂತ್ರಿಕ. ಅದರೊಳಗಿನ ಪುಟ್ಟ ಬ್ಯಾಟರಿ ಬೆಳಕು ಅಳೆಯುವ ಮುಳ್ಳಿಗೆ ಮಾತ್ರ. ಬ್ಯಾಟರಿ ಸತ್ತರೂ ಕ್ಯಾಮೆರಾ ಸಾಯುವುದಿಲ್ಲ. ದೂರ, ದ್ವಾರದ ಅಗಲ, ಕವಾಟದ ವೇಗ ಈ ಮೂರನ್ನೂ ಕೈಯಿಂದಲೇ ಹೊಂದಿಸಬೇಕು. ಅದರ ದೊಡ್ಡ ಗುಣವೂ ಅದೇ. ತಪ್ಪಾದರೆ ತಪ್ಪು ಯಂತ್ರದ್ದಲ್ಲ ಎಂದು ಅದು ಮುಖಕ್ಕೆ ಹೇಳುತ್ತದೆ.

ಬೂಟು ಪಾಲಿಷ್ ಮಾಡಿಸಿಕೊಂಡವನು

1838ರಲ್ಲಿ ಲೂಯಿ ಡಾಗೇರ್ ಎಂಬಾತ ಟಾಂಪ್ಲ್ ಬುಲೆವಾರ್ಡನ್ನು ಎತ್ತರದ ಕಿಟಕಿಯಿಂದ ಚಿತ್ರಿಸಿದ. ಆಗ ಫಿಲ್ಮ್ ಇರಲಿಲ್ಲ. ಬೆಳ್ಳಿ ಲೇಪಿಸಿದ ತಾಮ್ರದ ತಗಡಿಗೆ ಅಯೋಡಿನ್ ಆವಿ ಹಿಡಿದು ಬೆಳಕಿಗೆ ಸ್ಪಂದಿಸುವಂತೆ ಮಾಡಿ, ಕ್ಯಾಮೆರಾದಲ್ಲಿಟ್ಟು, ಆಮೇಲೆ ಪಾದರಸದ ಆವಿಯಲ್ಲಿ ಚಿತ್ರವನ್ನು ಹೊರತರುತ್ತಿದ್ದರು. ಬೆಳಕು ಬೀಳಬೇಕಾದ ಕಾಲ ಹಲವು ನಿಮಿಷ. ಆ ರಸ್ತೆಯಲ್ಲಿ ಆಗ ಸಾರೋಟುಗಳು, ಜನಗಳು ಖಂಡಿತ ಓಡಾಡುತ್ತಿದ್ದರು. ಚಿತ್ರದಲ್ಲಿ ಮಾತ್ರ ರಸ್ತೆ ಬರಿದೋ ಬರಿದು.

ಕಾರಣ ಸುಲಭದ ಲೆಕ್ಕ. ಸಾಮಾನ್ಯವಾಗಿ ನಡೆಯುವವನು ಸೆಕೆಂಡಿಗೆ ಸುಮಾರು 1.4 ಮೀಟರ್ ಸಾಗುತ್ತಾನೆ. ಐದು ನಿಮಿಷದಲ್ಲಿ ಅವನು ನಾನೂರು ಮೀಟರಿಗೂ ಹೆಚ್ಚು ದೂರ ಹೋಗಿರುತ್ತಾನೆ. ತಗಡಿನ ಯಾವ ಒಂದು ಬಿಂದುವಿನ ಮೇಲೂ ಗುರುತು ಮೂಡುವಷ್ಟು ಹೊತ್ತು ಅವನು ನಿಲ್ಲಲಿಲ್ಲ. ನಿಂತವನು ಒಬ್ಬನೇ. ಬೀದಿಯ ಮೂಲೆಯಲ್ಲಿ ಒಂದು ಕಾಲೆತ್ತಿ ಬೂಟು ಪಾಲಿಷ್ ಮಾಡಿಸಿಕೊಳ್ಳುತ್ತಿದ್ದವನು. ಅವನ ಕಾಲ ಬಳಿ ಪಾಲಿಷ್ ಮಾಡುವವನೂ ಮಸುಕಾಗಿ ಮೂಡಿದ್ದಾನೆ. ಇಂದು ತಿಳಿದಿರುವ ಮಟ್ಟಿಗೆ ಛಾಯಾಚಿತ್ರದಲ್ಲಿ ಸೆರೆಯಾದ ಮೊದಲ ಮನುಷ್ಯರು ಇವರೇ. ಇಬ್ಬರ ಹೆಸರೂ ಯಾರಿಗೂ ತಿಳಿಯದು. ತಮ್ಮ ಚಿತ್ರ ಬಂದಿದೆ ಎಂದು ಅವರಿಗೂ ತಿಳಿದಿರಲಾರದು. 1839ರ ಆಗಸ್ಟ್ 19ರಂದು ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಸಭೆಯಲ್ಲಿ ಈ ವಿಧಾನವನ್ನು ಲೋಕಕ್ಕೆ ತಿಳಿಸಲಾಯಿತು.

ಹುಡುಗಿ ಆ ಬೀದಿಯಲ್ಲಿ ಮೊದಲ ರೀಲು ಮುಗಿಸಿದಳು. ಕವಾಟದ ವೇಗ ಸೆಕೆಂಡಿನ 125ರಲ್ಲಿ ಒಂದು ಪಾಲು. ಅಷ್ಟರಲ್ಲಿ ನಡೆಯುವವನು ಸುಮಾರು ಒಂದು ಸೆಂಟಿಮೀಟರ್ ಮಾತ್ರ ಸರಿದಿರುತ್ತಾನೆ. ಆದ್ದರಿಂದ ಡಾಗೇರನ ಬೀದಿಯಂತೆ ತನ್ನ ಬೀದಿ ಬರಿದಾಗದು ಎಂಬ ಧೈರ್ಯ ಅವಳಿಗಿತ್ತು.

ಬೀದಿ ಬರಿದಾಗಲಿಲ್ಲ, ಫಿಲ್ಮೇ ಬರಿದಾಯಿತು. ಲ್ಯಾಬಿನಿಂದ ಬಂದ ರೀಲು ತುದಿಯಿಂದ ತುದಿಗೆ ಗಾಜಿನಂತೆ ಪಾರದರ್ಶಕವಾಗಿತ್ತು. ಮೂವತ್ತಾರರಲ್ಲಿ ಒಂದೂ ಇಲ್ಲ. ರೀಲಿನ ಬೆಲೆ ಮತ್ತು ತೊಳೆಸಿದ ಖರ್ಚು ಸೇರಿದರೆ ವಿದ್ಯಾರ್ಥಿ ಕ್ಯಾಂಟೀನಿನ ಹಲವು ಊಟದ ದುಡ್ಡು. ಅಳು ತಡೆದುಕೊಂಡು ಅವಳು ಊರಿಗೆ ಫೋನ್ ಮಾಡಿದಳು.

“ಪುಟ್ಟಿ, ಫಿಲ್ಮನ್ನ ಬೆಳಕಿಗೆ ಹಿಡಿ. ಅಂಚಲ್ಲಿ ನಂಬರು ಕಾಣ್ತದಾ?”

“ಕಾಣ್ತಿದೆ ಅಪ್ಪಾ. ಕಂಪನಿ ಹೆಸರೂ ಇದೆ, ನಂಬರೂ ಇದೆ.”

“ಹಾಗಾದ್ರೆ ತೊಳೆದವರ ತಪ್ಪಲ್ಲ. ಅಂಚಿನ ನಂಬರು ಕಾರ್ಖಾನೇಲಿ ಬೆಳಕಿಂದಲೇ ಬರೆದಿರ್ತಾರೆ. ಅದು ಕಪ್ಪಾಗಿ ಮೂಡಿದೆ ಅಂದ್ರೆ ಡೆವಲಪ್ ಸರಿಯಾಗಿದೆ. ನಿನ್ನ ಫಿಲ್ಮ್ ಒಳಗೆ ಓಡೇ ಇಲ್ಲ. ತುದಿ ಸುರುಳಿಗೆ ಸಿಕ್ಕಿಲ್ಲ. ಎಡಗಡೆ ಸುತ್ತೋ ಗುಬುಟು ತಿರುಗ್ತಿತ್ತಾ, ನೋಡಿದ್ಯಾ?”

ನೋಡಿರಲಿಲ್ಲ. ಫಿಲ್ಮ್ ಮುಂದಕ್ಕೆ ತಳ್ಳುವಾಗ ಎಡಬದಿಯ ಗುಬುಟು ತಾನೇ ತಿರುಗಬೇಕು. ಅದು ತಿರುಗಿದರೆ ಮಾತ್ರ ಫಿಲ್ಮ್ ಓಡುತ್ತಿದೆ ಎಂದರ್ಥ. ಎಣಿಕೆಯ ಮುಳ್ಳು ಮಾತ್ರ ಫಿಲ್ಮ್ ಇಲ್ಲದಿದ್ದರೂ ಒಂದು, ಎರಡು, ಮೂರು ಎಂದು ಲೆಕ್ಕ ತೋರಿಸುತ್ತಲೇ ಹೋಗುತ್ತದೆ.

ಆಚೆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅಪ್ಪ ಹೇಳಿದರು: “ನಾನು ಅಂಗಡಿ ಹಾಕಿದ ವರ್ಷ ಒಂದು ಮದುವೇಲಿ ಇದೇ ಆಯ್ತು. ಧಾರೆ ಎರೆಯೋದು ಪೂರ್ತಿ ಹೋಯ್ತು. ನಿಮ್ಮಮ್ಮಂಗೂ ಹೇಳಿಲ್ಲ. ಆ ಮನೆಯವರ ಮುಂದೆ ಹೋಗಿ ನಿಂತು, ಹೀಗಾಯ್ತು ಅಂತ ಹೇಳಿ, ದುಡ್ಡು ವಾಪಸ್ ಕೊಟ್ಟು ಬಂದೆ. ನಿಂದು ಬರೀ ಬೀದಿ. ಬೀದಿ ನಾಳೇನೂ ಇರ್ತದೆ.”

ಬೂಷ್ಟು ಹಿಡಿದ ಕ್ಯಾಮೆರಾ

ಮೊದಲ ಪ್ರಯತ್ನ ಹಾಳಾದವರ ಸಾಲಿನಲ್ಲಿ ಹುಡುಗಿಗೆ ದೊಡ್ಡವರ ಜೊತೆಯಿತ್ತು. ಬೀದಿ ಛಾಯಾಗ್ರಹಣದ ಗುರುವೆಂದೇ ಹೆಸರಾದ ಹೆನ್ರಿ ಕಾರ್ಟಿಯರ್ ಬ್ರೆಸ್ಸೋನ್ (1908–2004) ಹುಟ್ಟಿದ್ದು ಪ್ಯಾರಿಸ್ ಸಮೀಪದ ಸಿರಿವಂತ ಮನೆಯಲ್ಲಿ. ಮನೆತನದ್ದು ಹೊಲಿಗೆ ದಾರದ ಉದ್ಯಮ. ಮಗ ವ್ಯಾಪಾರಕ್ಕೆ ಬರಲಿ ಎಂದು ತಂದೆಯ ಆಸೆ. ಮಗ ಶಾಲೆಯ ಅಂತಿಮ ಪರೀಕ್ಷೆಯಲ್ಲೇ ಫೇಲಾದರು. ಚಿತ್ರಕಲೆ ಕಲಿತರು. 1931ರಲ್ಲಿ ಪಶ್ಚಿಮ ಆಫ್ರಿಕದ ಐವರಿ ಕೋಸ್ಟಿಗೆ ಹೋದರು. ಅಲ್ಲಿ ಮಲೇರಿಯಾದ ತೀವ್ರ ತೊಡಕಾದ ಕಪ್ಪುಮೂತ್ರ ಜ್ವರ ತಗುಲಿ ಸಾವಿನ ಬಾಗಿಲಿಗೆ ಹೋಗಿ ಬಂದರು. ಹಿಂದಿರುಗಿ ನೋಡಿದರೆ ಕ್ಯಾಮೆರಾದೊಳಗೆ ತೇವ ಸೇರಿ ಬೂಷ್ಟು ಬೆಳೆದಿತ್ತು. ತೆಗೆದ ಚಿತ್ರಗಳ ಮೇಲೆಲ್ಲ ಜರಿಗಿಡದ ಎಲೆಯಂಥ ವಿನ್ಯಾಸ ಮೂಡಿತ್ತು. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಬಲ್ಬಿನ ಪೆಟ್ಟಿಗೆಯಲ್ಲಿ ಕ್ಯಾಮೆರಾ ಇಟ್ಟು ಕಾಯುವ ಮಲೆನಾಡಿನ ಸ್ಟುಡಿಯೋದವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಮಾರ್ಸೇ ನಗರದಲ್ಲಿ ಅವರ ಕೈಗೆ ಲೈಕಾ ಬಂತು. ಜರ್ಮನಿಯ ಆಸ್ಕರ್ ಬಾರ್ನಾಕ್ ರೂಪಿಸಿದ ಈ ಪುಟ್ಟ ಕ್ಯಾಮೆರಾ 1925ರ ಲೈಪ್‌ಜಿಗ್ ಜಾತ್ರೆಯಲ್ಲಿ ಮಾರುಕಟ್ಟೆಗೆ ಬಂದಿತ್ತು. ಸಿನಿಮಾದ 35 ಮಿಲಿಮೀಟರ್ ಫಿಲ್ಮನ್ನೇ ಅಡ್ಡಲಾಗಿ ಓಡಿಸಿ, 24ಕ್ಕೆ 36 ಮಿಲಿಮೀಟರ್ ಅಳತೆಯ ಚೌಕಟ್ಟನ್ನು ಅದು ಕೊಟ್ಟಿತು. ಕೋಟಿನ ಜೇಬಿಗೆ ಇಳಿಯುವ ಇಂಥ ಕ್ಯಾಮೆರಾ ಬಂದದ್ದು ಬೀದಿಗೆ ಹೊಸ ಕಣ್ಣು ಬಂದಂತೆ.

ಮುಂದಿನ ಭಾನುವಾರ ಹುಡುಗಿ ಹೋದದ್ದು ಸಾಂ ಲಜಾರ್ ರೈಲು ನಿಲ್ದಾಣದ ಹಿಂದಿನ ಯುರೋಪ್ ಚೌಕಕ್ಕೆ. ರೈಲು ಹಳಿಗಳ ಮೇಲೆ ಕಟ್ಟಿದ ಸೇತುವೆಯೇ ಆ ಚೌಕ. ಲಂಡನ್, ಮ್ಯಾಡ್ರಿಡ್, ವಿಯೆನ್ನಾ ಎಂದು ಊರುಗಳ ಹೆಸರಿನ ರಸ್ತೆಗಳು ಅಲ್ಲಿ ಕೂಡುತ್ತವೆ. 1932ರಲ್ಲಿ ಕಾರ್ಟಿಯರ್ ಬ್ರೆಸ್ಸೋನ್ ಅಲ್ಲಿನ ಹಲಗೆ ಬೇಲಿಯ ಸಂದಿಯಲ್ಲಿ ಲೆನ್ಸ್ ತೂರಿಸಿ ಒಂದು ಚಿತ್ರ ತೆಗೆದರು. ನೀರು ನಿಂತ ಜಾಗವನ್ನು ದಾಟಲು ಒಬ್ಬ ಹಾರಿದ್ದಾನೆ. ಹಿಮ್ಮಡಿ ಇನ್ನೂ ನೀರಿಗೆ ತಾಗಿಲ್ಲ. ನೀರಿನಲ್ಲಿ ಅವನ ನೆರಳು. ಹಿಂದಿನ ಗೋಡೆಯ ಪೋಸ್ಟರಿನಲ್ಲೂ ಹಾರುತ್ತಿರುವ ಒಂದು ಆಕೃತಿ. ಆ ಕ್ಷಣಕ್ಕೆ ಮುಂಚೆಯೂ ಚಿತ್ರವಿಲ್ಲ, ಆಮೇಲೂ ಇಲ್ಲ. ಇದೇ ವ್ಯಕ್ತಿ 1948ರ ಜನವರಿ 30ರಂದು ದಿಲ್ಲಿಯಲ್ಲಿ ಗಾಂಧೀಜಿಯವರನ್ನು ಕಂಡು ಹೊರಬಂದ ಸ್ವಲ್ಪ ಹೊತ್ತಿನಲ್ಲೇ ಹತ್ಯೆಯ ಸುದ್ದಿ ಕೇಳಬೇಕಾಯಿತು. ಆ ದಿನಗಳ ಅವರ ಚಿತ್ರಗಳನ್ನು ಜಗತ್ತು ಮರೆತಿಲ್ಲ.

ಈಗಿನ ಯುರೋಪ್ ಚೌಕದಲ್ಲಿ ಆ ಬೇಲಿಯೂ ಇಲ್ಲ, ಆ ನೀರೂ ಇಲ್ಲ. ಹುಡುಗಿ ಎರಡು ಗಂಟೆ ನಿಂತು ಮೂರು ಚಿತ್ರ ತೆಗೆದಳು. ಎರಡು ಗಂಟೆಗೆ ಮೂರೇ ಎಂದು ಫೋನಿನ ಕ್ಯಾಮೆರಾ ಬಲ್ಲ ಗೆಳತಿಯರು ನಕ್ಕರು. ಮೂವತ್ತಾರು ಮಾತ್ರ ಇವೆ ಎಂದು ಗೊತ್ತಿದ್ದವರಿಗೆ ಕಾಯುವುದು ತಾನಾಗಿ ಬರುತ್ತದೆ. ಅವಸರದಲ್ಲಿ ಫೋಕಸ್ ಮಾಡುವ ತೊಂದರೆಗೂ ಅವಳು ಭೌತಶಾಸ್ತ್ರದಲ್ಲೇ ಉಪಾಯ ಕಂಡುಕೊಂಡಳು. 50 ಮಿಲಿಮೀಟರ್ ಲೆನ್ಸಿನ ದ್ವಾರವನ್ನು 11ಕ್ಕೆ ಕಿರಿದುಮಾಡಿ, ದೂರವನ್ನು ಐದು ಮೀಟರಿಗೆ ಇಟ್ಟುಬಿಟ್ಟರೆ, ಸುಮಾರು ಮೂರು ಮೀಟರಿನಿಂದ ಹದಿನಾಲ್ಕು ಮೀಟರಿನವರೆಗೆ ಇರುವುದೆಲ್ಲ ಸ್ಪಷ್ಟವಾಗಿಯೇ ಮೂಡುತ್ತದೆ. ದ್ವಾರ ಕಿರಿದಾದಷ್ಟೂ ಸ್ಪಷ್ಟತೆಯ ಆಳ ಹೆಚ್ಚು. ಆಮೇಲೆ ಬೀದಿಯಲ್ಲಿ ಫೋಕಸಿನ ಉಂಗುರ ತಿರುಗಿಸುವ ಕೆಲಸವೇ ಇಲ್ಲ, ನೋಡುವುದೊಂದೇ ಕೆಲಸ.

ಸಿಗರೇಟಿನ ಗಡಿಯಾರ

ಡಿಸೆಂಬರ್ ತಿಂಗಳಲ್ಲಿ ಪ್ಯಾರಿಸಿನಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಕಾಲೇಜು ಬಿಟ್ಟು ಹೊರಬಂದರೆ ಕತ್ತಲೆ. ಈ ಕತ್ತಲೆಯನ್ನೇ ತನ್ನದಾಗಿ ಮಾಡಿಕೊಂಡವರು ಬ್ರಸಾಯ್. ಅವರ ನಿಜವಾದ ಹೆಸರು ಗ್ಯೂಲಾ ಹಲಾಸ್. ಟ್ರಾನ್ಸಿಲ್ವೇನಿಯಾದ ಬ್ರಾಸೊ ಊರಿನಿಂದ 1924ರಲ್ಲಿ ಪ್ಯಾರಿಸಿಗೆ ಬಂದ ಪತ್ರಕರ್ತ. ಊರಿನ ಹೆಸರನ್ನೇ ತನ್ನ ಹೆಸರಾಗಿಸಿಕೊಂಡರು. ಅವರ ಸ್ನೇಹಿತ ಆಂಡ್ರೆ ಕೆರ್ಟೆಸ್ ಕೂಡ ಹಂಗೆರಿಯವರೇ. ಬುಡಾಪೆಸ್ಟಿನ ಷೇರುಪೇಟೆಯಲ್ಲಿ ಗುಮಾಸ್ತರಾಗಿದ್ದ ಕೆರ್ಟೆಸ್ ಆ ಕೆಲಸ ಬಿಟ್ಟು 1925ರಲ್ಲಿ ಪ್ಯಾರಿಸ್ ಸೇರಿದರು. ಪ್ಯಾರಿಸಿನ ಬೀದಿಯನ್ನು ಜಗತ್ತಿಗೆ ತೋರಿಸಿದವರಲ್ಲಿ ಹೀಗೆ ಹೊರಗಿನಿಂದ ಬಂದವರೇ ಹಲವರು. ಊರಿನವರಿಗೆ ರೂಢಿಯಾಗಿ ಮರೆತುಹೋದದ್ದು ಪರವೂರಿನವರ ಕಣ್ಣಿಗೆ ಬೀಳುತ್ತದೆ.

ಬ್ರಸಾಯ್ ರಾತ್ರಿಯ ಬೀದಿಯಲ್ಲಿ ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಕವಾಟ ತೆರೆದಿಟ್ಟು, ಸಿಗರೇಟು ಸೇದುತ್ತ ಕಾಲ ಅಳೆಯುತ್ತಿದ್ದರು. ಒಂದು ಬಗೆಯ ಸಿಗರೇಟು ಮುಗಿಯುವಷ್ಟು ಹೊತ್ತು ಸಾಮಾನ್ಯ ಬೆಳಕಿಗೆ. ಹೆಚ್ಚು ಕತ್ತಲೆಯಿದ್ದರೆ ಇನ್ನೊಂದು ಬಗೆಯ ದಪ್ಪ ಸಿಗರೇಟು. ಈ ಚಿತ್ರಗಳ ಪುಸ್ತಕ ‘ಪಾರಿ ದ ನ್ವೀ’ 1932ರ ಕೊನೆಯಲ್ಲಿ ಹೊರಬಂತು.

ಹುಡುಗಿಗೆ ಸಿಗರೇಟಿನ ಅಗತ್ಯ ಬೀಳಲಿಲ್ಲ. ಅವಳ ಅಜ್ಜನದು ಅಕ್ಕಿ ಅಂಗಡಿ. ಅಲ್ಲಿ ಸೇರಿನಲ್ಲಿ ಅಳೆಯುವಾಗ ಒಂದು ಎನ್ನುವ ಬದಲು ‘ಲಾಭ’ ಎಂದು ಎಣಿಕೆ ಶುರು. ಅಪ್ಪ ಅದೇ ಎಣಿಕೆಯನ್ನು ಡಾರ್ಕ್‌ರೂಮಿಗೆ ತಂದಿದ್ದರು. ಕೆಂಪು ದೀಪದಡಿ ಕಾಗದಕ್ಕೆ ಬೆಳಕು ಬಿಟ್ಟು ‘ಲಾಭ, ಎರಡು, ಮೂರು’ ಎಂದು ಅವರು ಎಣಿಸುವುದನ್ನು ಕೇಳುತ್ತಲೇ ಅವಳು ಬೆಳೆದಿದ್ದಳು. ಸೇನ್ ನದಿಯ ಸೇತುವೆಯ ಕಲ್ಲುಕಟ್ಟೆಯ ಮೇಲೆ ಕ್ಯಾಮೆರಾ ಇಟ್ಟು, ಉಸಿರು ಬಿಗಿಹಿಡಿದು, ಲಾಭ, ಎರಡು, ಮೂರು ಎಂದು ಅವಳೂ ಎಣಿಸಿದಳು. ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಡಾರ್ಕ್‌ರೂಮಿನಲ್ಲಿ ಆ ರೀಲನ್ನು ತಾನೇ ತೊಳೆದಳು. ಬೆಳಕು ತಾಗಿದ ಬೆಳ್ಳಿಯ ಲವಣದ ಕಣಗಳಲ್ಲಿ ಕಣ್ಣಿಗೆ ಕಾಣದ ಕೆಲವೇ ಬೆಳ್ಳಿ ಪರಮಾಣುಗಳು ಹುಟ್ಟಿರುತ್ತವೆ. ಡೆವಲಪರ್ ಅದನ್ನು ಗುರುತಿಸಿ ಇಡೀ ಕಣವನ್ನು ಕಪ್ಪು ಬೆಳ್ಳಿಯಾಗಿಸುತ್ತದೆ. ಬೆಳಕು ತಾಗದ ಕಣಗಳನ್ನು ಫಿಕ್ಸರ್ ಕರಗಿಸಿ ತೊಳೆದುಬಿಡುತ್ತದೆ. ಪುಸ್ತಕದಲ್ಲಿ ಓದಿದ್ದ ಈ ಕ್ರಿಯೆ ಅಂದು ಅವಳ ಬೆರಳ ತುದಿಯಲ್ಲಿ ಒದ್ದೆಯಾಗಿ ತೂಗುತ್ತಿತ್ತು.

ಅಳಿಸಲಾಗದ ಚಿತ್ರ

ನಗರದ ಉತ್ತರಕ್ಕೆ ಲಾ ಶಾಪೆಲ್ ಎಂಬ ಭಾಗ. ಅಲ್ಲಿ ಮೆಟ್ರೋ ನೆಲದಡಿ ಹೋಗದೆ ಕಬ್ಬಿಣದ ಕಂಬಗಳ ಮೇಲೆ ಓಡುತ್ತದೆ. ಶ್ರೀಲಂಕಾದ ತಮಿಳರ ಅಂಗಡಿಗಳು, ಕರಿಬೇವು, ಬೆಂಡೆಕಾಯಿ, ಮಲ್ಲಿಗೆ ದಂಡೆ ಎಲ್ಲ ಅಲ್ಲಿ ಸಿಗುತ್ತವೆ. ಒಂದು ಸಂಜೆ ಕಂಬದ ಕೆಳಗೆ ಒಬ್ಬ ಯುವಕ ಅಂಗಡಿಯ ತಳ್ಳುಗಾಡಿಯೊಂದರಲ್ಲಿ ಕೆಂಡದ ಡಬ್ಬ ಇಟ್ಟುಕೊಂಡು ಜೋಳದ ತೆನೆ ಸುಡುತ್ತಿದ್ದ. ಕೆಂಡದ ಬೆಳಕು ಅವನ ಮುಖದ ಅರ್ಧಕ್ಕೆ ಬಿದ್ದಿತ್ತು. ಹುಡುಗಿ ಕ್ಯಾಮೆರಾ ಎತ್ತಿ ಒತ್ತಿದಳು.

ಅವನು ಬೆಚ್ಚಿ ಕೈ ಅಡ್ಡ ಹಿಡಿದ. ಬಾಂಗ್ಲಾದೇಶದವನು. ಒಡಕು ಹಿಂದಿಯಲ್ಲಿ, “ದೀದಿ, ಫೋಟೋ ಬೇಡ. ನನ್ನ ಹತ್ತಿರ ಕಾಗದಪತ್ರ ಇಲ್ಲ. ಅಳಿಸಿಬಿಡಿ,” ಎಂದ.

ಫಿಲ್ಮಿನಲ್ಲಿ ಅಳಿಸುವ ಗುಂಡಿ ಇಲ್ಲ. ಕ್ಯಾಮೆರಾದ ಬೆನ್ನು ತೆರೆದರೆ ಆ ಒಂದು ಚಿತ್ರದ ಜೊತೆಗೆ ಅದುವರೆಗಿನ ಹಲವು ಚಿತ್ರಗಳೂ ಬೆಳಕಿಗೆ ಸುಟ್ಟುಹೋಗುತ್ತವೆ. ಅವಳು ತಡವರಿಸಿದಳು. ಮುಂದಿನ ಭಾನುವಾರ ಅದನ್ನು ಕತ್ತರಿಸಿ ತಂದುಕೊಡುವೆನೆಂದು ಮಾತುಕೊಟ್ಟಳು. ಅವನು ನಂಬಿದಂತೆ ಕಾಣಲಿಲ್ಲ.

ಫ್ರಾನ್ಸಿನ ನಾಗರಿಕ ಸಂಹಿತೆಯ 9ನೆಯ ವಿಧಿ ಪ್ರತಿಯೊಬ್ಬರ ಖಾಸಗಿ ಬದುಕಿಗೂ ಗೌರವ ಸಲ್ಲಬೇಕೆನ್ನುತ್ತದೆ. ತನ್ನ ಚಿತ್ರದ ಮೇಲೆ ತನಗೆ ಹಕ್ಕಿದೆ ಎಂಬ ಮಾತನ್ನು ಅಲ್ಲಿನ ನ್ಯಾಯಾಲಯಗಳು ಗಂಭೀರವಾಗಿ ಪರಿಗಣಿಸುತ್ತವೆ. ಪ್ಯಾರಿಸ್ ಪುರಭವನದ ಮುಂದೆ ಮುತ್ತಿಡುತ್ತಿರುವ ಜೋಡಿಯ ಚಿತ್ರವನ್ನು ರಾಬರ್ಟ್ ದ್ವಾನೋ 1950ರಲ್ಲಿ ತೆಗೆದಿದ್ದರು. ನಲವತ್ತು ವರ್ಷದ ಮೇಲೆ ದಂಪತಿಗಳಿಬ್ಬರು ಅದು ತಾವೇ, ಒಪ್ಪಿಗೆಯಿಲ್ಲದೆ ತೆಗೆದದ್ದು ಎಂದು ದಾವೆ ಹೂಡಿದರು. ಆಗ ದ್ವಾನೋ ನಿಜ ಹೇಳಬೇಕಾಯಿತು: ಅದು ನಟನೆ ಕಲಿಯುತ್ತಿದ್ದ ಯುವ ಜೋಡಿಯನ್ನು ಕೇಳಿ, ನಿಲ್ಲಿಸಿ ತೆಗೆದ ಚಿತ್ರ. ದಾವೆ ಬಿದ್ದುಹೋಯಿತು. ಬೀದಿಯ ಅಚಾನಕ ಕ್ಷಣವೆಂದು ಲೋಕ ನಂಬಿದ್ದ ಚಿತ್ರ ಒಪ್ಪಿಗೆ ಪಡೆದು ತೆಗೆದದ್ದಾಗಿತ್ತು.

ಆ ವಾರ ಹುಡುಗಿ ರೀಲು ತೊಳೆದಳು. ಜೋಳದವನ ಚಿತ್ರ ಅದುವರೆಗೆ ಅವಳು ತೆಗೆದದ್ದರಲ್ಲೇ ಒಳ್ಳೆಯದಾಗಿತ್ತು. ಅವಳು ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಯಾರಿಗೂ ತೋರಿಸದೆ ಇಟ್ಟುಕೊಂಡರೆ ತಪ್ಪೇ ಎಂದು ಕೇಳಿದಳು.

“ಸ್ಟುಡಿಯೋಲಿ ಯಾರಾದ್ರೂ ನೆಗೆಟಿವ್ ಕೊಡಿ ಅಂದ್ರೆ ನಾನು ಯಾಕೆ ಅಂತ ಕೇಳ್ತಿರಲಿಲ್ಲ, ಕೊಟ್ಟುಬಿಡ್ತಿದ್ದೆ. ಮದುವೆ ಮುರಿದವರು, ಮಗ ಹೋದವರು, ಏನೇನೋ ಇರ್ತದೆ. ಮುಖ ಅವರದು ಪುಟ್ಟಿ. ನಮ್ಮದು ಡಬ್ಬ ಮಾತ್ರ,” ಎಂದರು ಅಪ್ಪ.

ಭಾನುವಾರ ಅವನು ಅದೇ ಕಂಬದಡಿ ಇದ್ದ. ಅವಳು ಕತ್ತರಿಸಿ ತಂದ ತುಂಡನ್ನು ಕೊಟ್ಟಳು. ಅವನು ಬೀದಿದೀಪಕ್ಕೆ ಹಿಡಿದು ನೋಡಿದ. ನೆಗೆಟಿವಿನಲ್ಲಿ ಬೆಳಕೆಲ್ಲ ಕಪ್ಪು. ಕೆಂಡ ಕಪ್ಪು, ಮುಖ ಕಪ್ಪು. “ಇದು ನಾನಾ?” ಎಂದು ನಕ್ಕು, ಪರ್ಸಿನೊಳಗೆ ಇಟ್ಟುಕೊಂಡ. ಒಂದು ತೆನೆ ಸುಟ್ಟು ಕೈಗೆ ಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ.

ಅವಳು ಹೊರಟಾಗ ಹಿಂದಿನಿಂದ ಕರೆದ. ಅಮ್ಮನಿಗೆ ಕಳಿಸಲು ಒಂದು ಫೋಟೋ ಬೇಕಿತ್ತು ಎಂದ. ಇಲ್ಲಿ ಬೇಡ, ಗಾಡಿಯ ಮುಂದೆ ಬೇಡ. ಗೆಳೆಯನ ಹೊಸ ಜಾಕೆಟ್ ಹಾಕಿಕೊಂಡು, ನದಿಯ ಹತ್ತಿರ, ಚೆನ್ನಾಗಿ ನಿಂತು.

ಅಂದು ರಾತ್ರಿ ಸಾಗರಕ್ಕೆ ಮತ್ತೆ ಫೋನ್ ಹೋಯಿತು. ಇಷ್ಟು ವಾರ ಬೀದಿಯ ವಿಷಯ ಕೇಳುತ್ತ ಬಂದಿದ್ದ ಅಪ್ಪನ ದನಿ ಈಗ ಅಂಗಡಿಯವನ ದನಿಯಾಯಿತು. ಗದ್ದ ಸ್ವಲ್ಪ ಕೆಳಗೆ ಮಾಡಲು ಹೇಳು, ತಲೆಯ ಮೇಲೆ ಒಂದಿಷ್ಟು ಜಾಗ ಬಿಡು, ಬೆಳಕು ಪಕ್ಕದಿಂದ ಬರಲಿ, ಎರಡು ತೆಗಿ, ಒಂದರಲ್ಲಿ ಕಣ್ಣು ಮುಚ್ಚಿರ್ತದೆ ಎಂದು ಒಂದೇ ಉಸಿರಿಗೆ ಹೇಳಿದರು. ಕೊನೆಗೆ ಕೇಳಿದರು: “ಫಿಲ್ಮ್ ಓಡ್ತಿದೆಯಾ, ಗುಬುಟು ನೋಡಿದ್ಯಾ?”

“ನೋಡಿದೆ ಅಪ್ಪಾ. ತಿರುಗ್ತಿದೆ.”